ಹಾರಿದವರು ಇಳಿಯುವುದನ್ನೂ ಕಲಿಯಲಿ

ಕಳೆದ ಬೇಸಿಗೆಯಲ್ಲಿ ನಮ್ಮೂರ ಶಾಲೆಯ ಮೈದಾನದಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟ ನಡೆಯಿತು. ಗದ್ದೆ ಕೊಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು, ಕರಾವಳಿಯಲ್ಲೂ ಮಲೆನಾಡಿನಲ್ಲೂ ಇಂಥ ಪಂದ್ಯಾಟಗಳದ್ದೇ ಸುಗ್ಗಿ. ಸೆಮಿಫೈನಲ್‌ನಲ್ಲಿ ಒಬ್ಬ ಹುಡುಗನನ್ನು ಕಂಡೆ. ಐದಡಿ ಏಳಿಂಚು ಇದ್ದಾನು, ಹೆಚ್ಚಿಲ್ಲ. ಎದುರಿಗೆ ಬ್ಲಾಕ್ ಮಾಡಲು ನಿಂತ ಇಬ್ಬರೂ ಆರಡಿ ದಾಟಿದವರು. ಲಿಫ್ಟರ್ ಚೆಂಡನ್ನು ಎಡಮೂಲೆಗೆ ಎತ್ತಿಕೊಟ್ಟ. ಹುಡುಗ ಓಡಿ ಬಂದ, ಎಗರಿದ, ಆ ನಾಲ್ಕು ಕೈಗಳ ಬೆರಳ ತುದಿಯ ಮೇಲಿಂದ ಚೆಂಡನ್ನು ಒಗೆದುಬಿಟ್ಟ. ಮೈಕ್ ಹಿಡಿದವರು "ಗಾಳಿಯಲ್ಲೇ ನಿಂತುಬಿಟ್ಟ ನೋಡಿ!" ಎಂದು ಕೂಗಿದರು. ಜನ ಶಿಳ್ಳೆ ಹೊಡೆಯುತ್ತಿದ್ದಾಗಲೇ ಹುಡುಗ ಎಡಗಾಲೊಂದರ ಮೇಲೆ ಧೊಪ್ಪೆಂದು ಇಳಿದ. ಮಂಡಿಯನ್ನು ಕೈಯಲ್ಲಿ ಒತ್ತಿಕೊಂಡು ಎರಡು ಹೆಜ್ಜೆ ಕುಂಟಿದ. ಸರ್ವೀಸ್‌ಗೆ ಶಿಳ್ಳೆ ಬಿತ್ತು, ಆಟ ಮುಂದುವರಿಯಿತು.

ಗಾಳಿಯಲ್ಲಿ ನಿಂತಂತೆ ಕಂಡದ್ದು ಹೇಗೆ, ಕುಂಟಿದ್ದು ಏಕೆ? ಎರಡಕ್ಕೂ ಉತ್ತರ ಒಂದೇ ಜಾಗದಲ್ಲಿದೆ. ಅದು ಅವನು ನೆಲ ಬಿಡುವ ಮೊದಲಿನ ಎರಡು ಹೆಜ್ಜೆಗಳಲ್ಲಿ.

1895ರಲ್ಲಿ ಅಮೆರಿಕದ ಹೋಲ್ಯೋಕ್ ಎಂಬ ಊರಿನಲ್ಲಿ ವಿಲಿಯಂ ಮಾರ್ಗನ್ ಈ ಆಟವನ್ನು ಕಟ್ಟಿದಾಗ ನೆಟ್ ಇದ್ದದ್ದು ಆರೂವರೆ ಅಡಿ ಎತ್ತರದಲ್ಲಿ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಓಡಿ ದಣಿಯಲಾರದ ನಡುವಯಸ್ಸಿನ ಉದ್ಯೋಗಸ್ಥರಿಗಾಗಿ ಅವರು ಹುಡುಕಿದ ಹಗುರ ವ್ಯಾಯಾಮ ಅದು. ಇವತ್ತು ಗಂಡಸರ ನೆಟ್ 2.43 ಮೀಟರ್, ಹೆಂಗಸರದ್ದು 2.24 ಮೀಟರ್. ನಮ್ಮ ಹುಡುಗ ಕೈ ಎತ್ತಿ ನಿಂತರೆ ಬೆರಳು ಸುಮಾರು 2.2 ಮೀಟರ್ ಮುಟ್ಟೀತು. ನಿಂತಲ್ಲಿಂದ ನೆಟ್‌ನ ಮೇಲಂಚೇ ಅವನಿಗೆ ಎಟುಕದು. ಬೆರಳು ಮೂರು ಮೀಟರ್ ತಲುಪಬೇಕಾದರೆ ಅವನು 80 ಸೆಂಟಿಮೀಟರ್ ನೆಗೆಯಬೇಕು. ಹಾಗೆ ನೆಗೆಯಲು ನೆಲ ಬಿಡುವ ಕ್ಷಣದಲ್ಲಿ ಮೈ ಮೇಲ್ಮುಖವಾಗಿ ಸೆಕೆಂಡಿಗೆ ಸುಮಾರು ನಾಲ್ಕು ಮೀಟರ್ ವೇಗದಲ್ಲಿರಬೇಕು. ಎಂದರೆ ಗಂಟೆಗೆ 14 ಕಿಲೋಮೀಟರ್, ಸೈಕಲ್ ತುಳಿದು ಹೋಗುವವನ ವೇಗ. ಅಷ್ಟನ್ನೂ ಕಾಲು ನೆಲದಲ್ಲಿರುವ ಕೊನೆಯ ಅರೆಕ್ಷಣದಲ್ಲಿ ಸಂಪಾದಿಸಿಕೊಳ್ಳಬೇಕು. ಪಾದ ಮೇಲೆದ್ದ ಮೇಲೆ ಎಷ್ಟು ಒದ್ದಾಡಿದರೂ ಮೈಯ ಗುರುತ್ವಕೇಂದ್ರ ಸಾಗುವ ದಾರಿ ಒಂದಿಷ್ಟೂ ಬದಲಾಗದು. ತಳ್ಳುವುದಕ್ಕೆ ಅಲ್ಲಿ ನೆಲವಿಲ್ಲ.

ಹಾಗಾದರೆ ನೆಲದ ಮೇಲೆ ಏನು ನಡೆಯುತ್ತದೆ? ಬಲಗೈ ಸ್ಮ್ಯಾಷರ್‌ನ ಓಟ ಸಾಮಾನ್ಯವಾಗಿ ಎಡ, ಬಲ, ಎಡ ಎಂದು ಮುಗಿಯುತ್ತದೆ. ಮೊದಲ ಹೆಜ್ಜೆ ಚೆಂಡಿನ ದಿಕ್ಕು ನೋಡಿಕೊಳ್ಳುವುದಕ್ಕೆ, ಅದಕ್ಕೆ ಅವಸರವಿಲ್ಲ. ನಂತರದ ಬಲಗಾಲಿನ ಹೆಜ್ಜೆ ಉದ್ದ, ಚುರುಕು, ತಗ್ಗು. ಪಾದ ಮೈಗಿಂತ ಮುಂದಕ್ಕೆ ಹೋಗಿ ಹಿಮ್ಮಡಿಯಿಂದ ಊರುತ್ತದೆ, ಮುಂಡ ಒಂದಿಷ್ಟು ಹಿಂದಕ್ಕೆ ವಾಲುತ್ತದೆ. ಎರಡೂ ಕೈ ಆ ಹೊತ್ತಿಗೆ ಬೆನ್ನ ಹಿಂದೆ ಪೂರಾ ಎತ್ತರಕ್ಕೆ ಹೋಗಿರುತ್ತವೆ. ಅದರ ಬೆನ್ನಿಗೇ ಎಡಗಾಲು ಬಂದು ಬಲಗಾಲಿಗಿಂತ ತುಸು ಮುಂದೆ, ಓರೆಯಾಗಿ ಊರಿ ನಿಲ್ಲುತ್ತದೆ. ಮುಂದಕ್ಕೆ ನುಗ್ಗುತ್ತಿದ್ದ ದೇಹಕ್ಕೆ ಈ ಎರಡು ಕಾಲು ಅಡ್ಡಗಟ್ಟೆ ಕೊಟ್ಟಂತಾಗುತ್ತದೆ. ಓಡುವ ಗಾಡಿಯ ಮುಂದೆ ಓರೆ ಗಳ ಚುಚ್ಚಿದರೆ ಗಾಡಿ ಮೇಲಕ್ಕೆತ್ತಿಕೊಳ್ಳುವ ಹಾಗೆ, ಮುಂದಿನ ವೇಗದ ಒಂದು ಪಾಲು ಮೇಲ್ಮುಖ ವೇಗವಾಗಿ ತಿರುಗುತ್ತದೆ. ಓಡಿ ಬಂದು ನೆಗೆದವನು ನಿಂತಲ್ಲಿಂದ ನೆಗೆದವನಿಗಿಂತ ಎತ್ತರ ಹೋಗುವುದಕ್ಕೆ ಮುಖ್ಯ ಕಾರಣ ಇದೇ.

ನಮ್ಮ ಮೈದಾನಗಳಲ್ಲಿ ಅತಿ ಹೆಚ್ಚು ಕೆಡುವುದೂ ಈ ಉದ್ದ ಹೆಜ್ಜೆಯೇ. ಹುಡುಗರು ಆರಂಭದಲ್ಲಿ ರಭಸವಾಗಿ ಓಡಿ ಕೊನೆಯಲ್ಲಿ ಪುಟ್ಟಪುಟ್ಟ ಹೆಜ್ಜೆ ಹಾಕಿ ತಡೆದುಕೊಳ್ಳುತ್ತಾರೆ. ತಂದ ವೇಗವೆಲ್ಲ ಅಲ್ಲೇ ಸೋರಿಹೋಗುತ್ತದೆ. ನಿಧಾನವಾಗಿ ಹೊರಟು ಕೊನೆಗೆ ಚುರುಕಾಗಬೇಕು, ಮೊದಲ ಹೆಜ್ಜೆ ಸಣ್ಣದು, ಎರಡನೆಯದು ದೊಡ್ಡದು. ಆ ರಾತ್ರಿಯ ಹುಡುಗನಿಗೆ ಇದು ಹುಟ್ಟಿನಿಂದ ಬಂದಂತಿತ್ತು. ಅವನ ಬಲಹಿಮ್ಮಡಿ ಊರಿದಲ್ಲೆಲ್ಲ ಮುರಮಣ್ಣು ಕಿತ್ತು ಬಂದು ಕುಳಿ ಬಿದ್ದಿತ್ತು. ಆಟ ಮುಗಿದ ಮೇಲೆ ಹೋಗಿ ನೋಡಿದೆ. ಅಂಗೈ ಅಗಲದ ಕುಳಿಗಳು, ಎಲ್ಲವೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ.

ಇನ್ನೊಂದು ಸಂಗತಿಯನ್ನು ಓದುಗರು ಮನೆಯಂಗಳದಲ್ಲೇ ಪರೀಕ್ಷಿಸಬಹುದು. ಅರ್ಧ ಕುಕ್ಕರಗಾಲಲ್ಲಿ ಕೂತು ಮೂರು ಎಣಿಸುವಷ್ಟು ಹೊತ್ತು ಅಲುಗಾಡದೆ ನಿಂತು, ಅಲ್ಲಿಂದ ನೆಗೆಯಿರಿ. ಆಮೇಲೆ ನೇರ ನಿಂತು, ಥಟ್ಟನೆ ತಗ್ಗಿ, ತಡೆಯಿಲ್ಲದೆ ನೆಗೆಯಿರಿ. ಎರಡನೆಯದು ಸಾಮಾನ್ಯವಾಗಿ ಹೆಚ್ಚು ಎತ್ತರ ಹೋಗುತ್ತದೆ. ಫ್ರಾನ್ಸಿನ ಮಾರೆ ಮತ್ತು ಡೆಮೆನಿ ಇದನ್ನು 1885ರಷ್ಟು ಹಿಂದೆಯೇ ಗಮನಿಸಿ ಬರೆದಿದ್ದರು. ಬಹುಕಾಲ ಇದಕ್ಕೆ ಕೊಡುತ್ತಿದ್ದ ವಿವರಣೆ ರಬ್ಬರ್ ಬ್ಯಾಂಡಿನದು. ತಗ್ಗುವಾಗ ಸ್ನಾಯುರಜ್ಜುಗಳು ಹಿಗ್ಗಿ ಶಕ್ತಿ ಕೂಡಿಟ್ಟುಕೊಳ್ಳುತ್ತವೆ, ಏಳುವಾಗ ಹಿಂದಿರುಗಿಸುತ್ತವೆ. ಅದು ಸುಳ್ಳಲ್ಲ. ಆದರೆ ನೆದರ್ಲೆಂಡ್ಸ್‌ನ ಮಾರ್ಟನ್ ಬಾಬರ್ಟ್ ಮತ್ತು ಸಂಗಡಿಗರು 1996ರಲ್ಲಿ ಇನ್ನೊಂದು ಕಾರಣವನ್ನು ಮುಂದಿಟ್ಟರು. ಸ್ನಾಯು ಕರೆದೊಡನೆ ಪೂರ್ಣ ಬಲಕ್ಕೆ ಬರುವುದಿಲ್ಲ, ಅದಕ್ಕೆ ಒಂದಿಷ್ಟು ಸಮಯ ಬೇಕು. ತಗ್ಗಿದ ಮೈಯನ್ನು ತಡೆದು ನಿಲ್ಲಿಸುವಾಗ ಸ್ನಾಯು ಆ ಸಮಯವನ್ನು ಪಡೆದುಕೊಳ್ಳುತ್ತದೆ. ಮೇಲೇಳಲು ಶುರುಮಾಡುವ ಹೊತ್ತಿಗೆ ಬಿಗಿ ಹಿಡಿದು ಸಿದ್ಧವಾಗಿರುತ್ತದೆ. ಕುಳಿತೇ ಇದ್ದವನ ಸ್ನಾಯು ಮೈ ಏಳತೊಡಗಿದ ಮೇಲೆ ಬಲ ಕೂಡಿಸಿಕೊಳ್ಳಬೇಕು, ಅಷ್ಟರಲ್ಲಿ ಅರ್ಧ ದಾರಿ ಮುಗಿದಿರುತ್ತದೆ. ಸ್ಮ್ಯಾಷರ್ ಆ ಉದ್ದ ಹೆಜ್ಜೆಯಲ್ಲಿ ತಗ್ಗುವುದು ಈ ಲಾಭಕ್ಕಾಗಿಯೂ ಹೌದು.

ಏಳುವಾಗ ಸೊಂಟ ಮೊದಲು ಬಿಚ್ಚಿಕೊಳ್ಳುತ್ತದೆ, ಆಮೇಲೆ ಮಂಡಿ, ಕೊನೆಗೆ ಪಾದದ ಕೀಲು. ಪೃಷ್ಠ ಮತ್ತು ತೊಡೆಯ ದೊಡ್ಡ ಸ್ನಾಯುಗಳ ಕೆಲಸ ಮೀನಖಂಡದ ಮೂಲಕ ಬೆರಳ ತುದಿಗೆ ಇಳಿದು ನೆಲವನ್ನು ಒದೆಯುತ್ತದೆ. ಇದರ ಜೊತೆಗೇ ಹಿಂದಿದ್ದ ಕೈಗಳು ಕೆಳಗಿನಿಂದ ಮುಂದಕ್ಕೆ, ಮೇಲಕ್ಕೆ ಬೀಸಿ ಬರುತ್ತವೆ. ಕೈ ಬೀಸುವುದು ಬರೀ ಅಂದಕ್ಕೆ ಎಂದುಕೊಂಡ ಹುಡುಗರಿದ್ದಾರೆ. ಕೈಬೀಸಿನಿಂದ ನೆಲ ಬಿಡುವ ವೇಗ ಶೇ 10ರಷ್ಟು ಹೆಚ್ಚುತ್ತದೆ ಎಂದು ಅಳೆದು ನೋಡಿದವರು ಹೇಳುತ್ತಾರೆ. ಕೈ ಮೇಲಕ್ಕೆ ನುಗ್ಗುವಾಗ ಭುಜವನ್ನು, ಆ ಮೂಲಕ ಇಡೀ ಮೈಯನ್ನು ಕೆಳಕ್ಕೆ ಒತ್ತುತ್ತದೆ. ಆ ಒತ್ತಡದಿಂದ ಕಾಲಿನ ಸ್ನಾಯುಗಳು ಸ್ವಲ್ಪ ನಿಧಾನವಾಗಿ ಚಿಕ್ಕದಾಗುತ್ತವೆ. ನಿಧಾನವಾಗಿ ಚಿಕ್ಕದಾಗುವ ಸ್ನಾಯು ಹೆಚ್ಚು ಬಲ ಹಾಕಬಲ್ಲದು. ಕೊನೆಗಳಿಗೆಯಲ್ಲಿ ಕೈಯ ವೇಗ ತಗ್ಗಿದಾಗ ಅದೇ ಕೈ ಮೈಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ.

ಈಗ "ಗಾಳಿಯಲ್ಲಿ ನಿಂತ" ಮಾತಿಗೆ ಬರೋಣ. ನಮ್ಮ ಕಡೆಯ ಹಿರಿಯ ಆಟಗಾರರು ಈ ಮಾತು ಬಂದರೆ ಜಿಮ್ಮಿ ಜಾರ್ಜ್ ಹೆಸರು ಎತ್ತದೆ ಇರುವುದಿಲ್ಲ. ಕಣ್ಣೂರು ಜಿಲ್ಲೆಯ ಪೇರಾವೂರಿನವರು, 1976ರ ಅರ್ಜುನ ಪ್ರಶಸ್ತಿ ಪಡೆದವರು, ಇಟಲಿಯ ಕ್ಲಬ್‌ಗಳಿಗೆ ಆಡಿದವರು. 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದ ಭಾರತ ತಂಡದಲ್ಲಿದ್ದರು. ಮರುವರ್ಷ ನವೆಂಬರ್‌ನಲ್ಲಿ ಇಟಲಿಯಲ್ಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡರು, ವಯಸ್ಸು ಇನ್ನೂ 32. ಅವರು ಮೇಲೆ ಹೋಗಿ ಅಲ್ಲೇ ನಿಂತು, ಬ್ಲಾಕಿನವರು ಇಳಿಯುವುದನ್ನು ಕಾದು, ಆಮೇಲೆ ಹೊಡೆಯುತ್ತಿದ್ದರು ಎಂದು ಕಂಡವರು ಹೇಳುತ್ತಾರೆ. ಕಂಡವರು ಸುಳ್ಳು ಹೇಳುತ್ತಿಲ್ಲ. ಭೌತವಿಜ್ಞಾನವೂ ಸುಳ್ಳು ಹೇಳುವುದಿಲ್ಲ.

80 ಸೆಂಟಿಮೀಟರ್ ನೆಗೆದವನು ಗಾಳಿಯಲ್ಲಿ ಇರುವುದು ಒಟ್ಟು ಸೆಕೆಂಡಿನ ಹತ್ತರಲ್ಲಿ ಎಂಟು ಪಾಲು. ಮೇಲೇರಿದಂತೆ ವೇಗ ಕುಗ್ಗುತ್ತಾ ಹೋಗುವುದರಿಂದ ಈ ಸಮಯ ಸಮನಾಗಿ ಹಂಚಿಹೋಗುವುದಿಲ್ಲ. ನೆಗೆತದ ಮೇಲಿನ ಕಾಲುಭಾಗದಲ್ಲಿ, ಎಂದರೆ ತುತ್ತತುದಿಯ 20 ಸೆಂಟಿಮೀಟರಿನಲ್ಲಿ, ಅವನು ಒಟ್ಟು ಸಮಯದ ಸರಿಯಾಗಿ ಅರ್ಧವನ್ನು ಕಳೆಯುತ್ತಾನೆ. ಉಳಿದ 60 ಸೆಂಟಿಮೀಟರ್ ಏರುವುದಕ್ಕೂ ಇಳಿಯುವುದಕ್ಕೂ ಸೇರಿ ಉಳಿದರ್ಧ. ಕಣ್ಣಿಗೆ ಅವನು ನಿಂತಂತೆ ಕಾಣದೆ ಇನ್ನೇನು? ಜೊತೆಗೆ ಹೋಲಿಕೆಯೂ ಸೇರುತ್ತದೆ. ಎದುರಿನವನು 60 ಸೆಂಟಿಮೀಟರ್ ನೆಗೆದರೆ ಅವನ ಗಾಳಿವಾಸ ಹತ್ತರಲ್ಲಿ ಏಳು ಪಾಲು. ಅವನು ಕಣ್ಣೆವೆ ಇಕ್ಕುವಷ್ಟು ಮುಂಚೆ ಎದ್ದರೂ ಸಾಕು, ಇವನು ಹೊಡೆಯುವಾಗ ಅವನ ಕೈ ಇಳಿಯುತ್ತಿರುತ್ತದೆ.

ನುರಿತ ಆಟಗಾರರು ಗಾಳಿಯಲ್ಲಿ ಇನ್ನೊಂದು ಕೆಲಸ ಮಾಡುತ್ತಾರೆ. ಏರುವಾಗ ಮಂಡಿ ಮಡಿಸಿ ಪಾದಗಳನ್ನು ಹಿಂದಕ್ಕೆ ಎತ್ತಿಕೊಳ್ಳುತ್ತಾರೆ, ಬೆನ್ನು ಬಿಲ್ಲಿನಂತೆ ಬಾಗಿರುತ್ತದೆ. ಹೊಡೆಯುವ ಕ್ಷಣದಲ್ಲಿ ಕಾಲುಗಳು ಬಿಚ್ಚಿ ಕೆಳಗಿಳಿಯುತ್ತವೆ, ಎತ್ತಿದ್ದ ಎಡಗೈಯೂ ಕೆಳಕ್ಕೆ ಬರುತ್ತದೆ. ಗುರುತ್ವಕೇಂದ್ರದ ದಾರಿ ಆಗಲೇ ಬರೆದಾಗಿದೆ. ಹಾಗಾಗಿ ಮೈಯ ಒಂದು ಭಾಗ ಕೆಳಗಿಳಿದರೆ ಇನ್ನೊಂದು ಭಾಗ ಅದಕ್ಕೆ ತಕ್ಕಷ್ಟು ಮೇಲೇರಲೇಬೇಕು. ಮೇಲೇರುವುದು ಹೊಡೆಯುವ ಬಲಗೈ ಮತ್ತು ಭುಜ. ಮೈ ಇಳಿಯತೊಡಗಿದ್ದರೂ ಕೈ ಇನ್ನೂ ಅಲ್ಲೇ ಇರುತ್ತದೆ. ಜಿಮ್ಮಿ ಜಾರ್ಜ್ "ಕಾಯುತ್ತಿದ್ದರು" ಎಂದು ಹಿರಿಯರು ಹೇಳುವಾಗ ನನ್ನ ಮನಸ್ಸಿಗೆ ಬರುವುದು ಈ ಲೆಕ್ಕ. ಅದರಿಂದ ಅವರ ಮೇಲಿನ ಬೆರಗು ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ.

ಎತ್ತರ ಕಡಿಮೆಯಿದ್ದವರು ಈ ವಿದ್ಯೆಯಿಂದ ಎಲ್ಲಿಗೆ ಹೋಗಬಹುದು ಎಂಬುದಕ್ಕೆ ಕ್ಯೂಬಾದ ಮಿರೆಯಾ ಲೂಯಿಸ್ ಇದ್ದಾರೆ. ಎತ್ತರ 175 ಸೆಂಟಿಮೀಟರ್. 1992, 1996, 2000ರ ಮೂರು ಒಲಿಂಪಿಕ್ಸ್‌ಗಳಲ್ಲಿ ಅವರ ತಂಡಕ್ಕೆ ಚಿನ್ನ. ನೆಗೆದಾಗ ಅವರ ಕೈ ನೆಟ್‌ನ ಮೇಲಂಚಿಗಿಂತ ಒಂದು ಮೀಟರಿಗೂ ಮೇಲೆ ಹೋಗುತ್ತಿತ್ತು.

ಹುಡುಗರು ತಮ್ಮ ನೆಗೆತವನ್ನು ತಾವೇ ಅಳೆಯುವುದಕ್ಕೂ ಇದೇ ಲೆಕ್ಕ ಸಾಕು. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಪಾದದ ಹತ್ತಿರ ವಿಡಿಯೊ ತೆಗೆಯಿರಿ, ಪಾದ ನೆಲ ಬಿಟ್ಟಲ್ಲಿಂದ ಮತ್ತೆ ಮುಟ್ಟುವವರೆಗಿನ ಸಮಯ ಹಿಡಿಯಿರಿ. ಆ ಸೆಕೆಂಡಿನ ವರ್ಗವನ್ನು 1.23ರಿಂದ ಗುಣಿಸಿದರೆ ಎತ್ತರ ಮೀಟರಿನಲ್ಲಿ ಬರುತ್ತದೆ. 0.7 ಸೆಕೆಂಡ್ ಆದರೆ 60 ಸೆಂಟಿಮೀಟರ್. ಮಂಡಿ ಮಡಿಸಿಕೊಂಡು ಇಳಿದು ಸಮಯ ಕದಿಯಬಾರದು ಅಷ್ಟೆ. ಇಟಲಿಯ ಕಾರ್ಮೆಲೊ ಬೋಸ್ಕೊ ಅವರ ಹೆಸರಿನ ನೆಗೆತ ಪರೀಕ್ಷೆ ನಿಂತಿರುವುದೂ ಇದೇ ಸೂತ್ರದ ಮೇಲೆ.

ಇಷ್ಟೆಲ್ಲ ಏರುವುದರ ಕಥೆ. ಕ್ಲಬ್‌ಗಳಲ್ಲಿ, ಹಾಸ್ಟೆಲ್‌ಗಳಲ್ಲಿ, ಮೊಬೈಲ್ ವಿಡಿಯೊಗಳಲ್ಲಿ ನಮ್ಮ ಮಕ್ಕಳು ಕಲಿಯುತ್ತಿರುವುದೆಲ್ಲ ಇದೊಂದನ್ನೇ. ಇಳಿಯುವುದನ್ನು ಕಲಿಸಿದ ಒಬ್ಬರನ್ನೂ ನನ್ನ ಆಟದ ದಿನಗಳಲ್ಲಿ ನಾನು ಕಾಣಲಿಲ್ಲ. ಕಾಲೇಜಿನಲ್ಲಿ ನಾವು ಆಡುತ್ತಿದ್ದುದು ಸಿಮೆಂಟ್ ಅಂಕಣದಲ್ಲಿ. ಎರಡನೇ ವರ್ಷದಲ್ಲಿ ಮಂಡಿಚಿಪ್ಪಿನ ಕೆಳಗೆ, ಹೆಬ್ಬೆರಳಿನಿಂದ ಒತ್ತಿ ತೋರಿಸಬಹುದಾದ ಒಂದೇ ಬಿಂದುವಿನಲ್ಲಿ ನೋವು ಹುಟ್ಟಿತು. ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಚುಚ್ಚುತ್ತಿತ್ತು, ಒಂದು ಸೆಟ್ ಆಡಿ ಮೈ ಬಿಸಿಯಾದರೆ ಮಾಯ. ಮಾಯವಾಗುತ್ತದಲ್ಲ ಎಂದು ಆಡಿದೆ. ಇಪ್ಪತ್ನಾಲ್ಕಕ್ಕೆ ಆಟ ನಿಂತಿತು.

ಆ ನೋವಿಗೆ ವೈದ್ಯರು ಇಟ್ಟ ಹೆಸರೇ ನೆಗೆತಗಾರರ ಮಂಡಿ. ಮಂಡಿಚಿಪ್ಪನ್ನು ಕಾಲಿನ ಮೂಳೆಗೆ ಕಟ್ಟುವ ಸ್ನಾಯುರಜ್ಜು, ಹೊರೆ ತಾಳಲಾರದೆ ಎಳೆ ಎಳೆಯಾಗಿ ಹದಗೆಡುವ ಸ್ಥಿತಿ ಅದು. ನಾರ್ವೆಯ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ದೇಶದ ಉನ್ನತ ಮಟ್ಟದ ಪುರುಷ ವಾಲಿಬಾಲ್ ಆಟಗಾರರ ಪೈಕಿ ಶೇ 45ರಷ್ಟು ಮಂದಿಗೆ ಈ ನೋವಿತ್ತು. ಅವರು ನೋಡಿದ ಆಟಗಳಲ್ಲೆಲ್ಲ ಇದೇ ಅತಿ ಹೆಚ್ಚು. ಮನಸ್ಸಿಗೆ ಕಷ್ಟವಾಗುವ ಇನ್ನೊಂದು ಮಾತಿದೆ. ಚೆನ್ನಾಗಿ ನೆಗೆಯಬಲ್ಲವರಿಗೇ ಇದು ಹೆಚ್ಚಾಗಿ ಬರುತ್ತದೆ. ಎತ್ತರ ಏರಿದವನು ಅಷ್ಟೇ ಎತ್ತರದಿಂದ ಬೀಳುತ್ತಾನೆ, ಅವನಿಗೇ ಹೆಚ್ಚು ಚೆಂಡು ಬರುತ್ತದೆ, ಅವನನ್ನೇ ತಂಡ ಹೆಚ್ಚು ಸಲ ನೆಗೆಯಿಸುತ್ತದೆ.

ಬೀಳುವ ಲೆಕ್ಕ ಸರಳ. 70 ಕಿಲೋ ತೂಕದ ಆಟಗಾರ 60 ಸೆಂಟಿಮೀಟರಿನಿಂದ ಇಳಿಯುತ್ತಾನೆ ಎನ್ನಿ. ಪಾದ ನೆಲ ಮುಟ್ಟಿದ ಮೇಲೆ ಸೊಂಟ, ಮಂಡಿ, ಪಾದದ ಕೀಲು ಮೂರನ್ನೂ ಮಡಿಸುತ್ತಾ 30 ಸೆಂಟಿಮೀಟರ್ ತಗ್ಗಿ ನಿಂತರೆ ಅವನ ಕಾಲುಗಳು ತಡೆಯಬೇಕಾದ ಸರಾಸರಿ ಹೊರೆ ಮೈತೂಕದ ಮೂರು ಪಟ್ಟು, 210 ಕಿಲೋ. ಸೆಟೆದ ಕಾಲಿನಲ್ಲಿ ಹತ್ತೇ ಸೆಂಟಿಮೀಟರಿನಲ್ಲಿ ನಿಂತರೆ ಏಳು ಪಟ್ಟು, 490 ಕಿಲೋ. ಅದು ಎರಡು ಕಾಲಿಗೆ ಹಂಚಿಹೋದರೆ ಒಂದು ಮಾತು, ಒಂದೇ ಕಾಲಿಗೆ ಬಿದ್ದರೆ ಇನ್ನೊಂದು ಮಾತು. ಒಂದು ರಾತ್ರಿ ಮೂರು ಪಂದ್ಯ ಆಡಿದವನು ಸ್ಮ್ಯಾಷ್, ಬ್ಲಾಕ್, ಜಂಪ್ ಸರ್ವ್, ಚೆಂಡು ಬಾರದಿದ್ದರೂ ಎದುರಿನವರನ್ನು ಮರುಳು ಮಾಡಲು ಎಗರಿದ್ದು ಎಲ್ಲ ಸೇರಿ ಸುಲಭವಾಗಿ ನೂರು ಸಲ ಇಳಿದಿರುತ್ತಾನೆ.

ಒಂದೇ ಕಾಲಿಗೆ ಬೀಳುವುದು ಏಕೆ? ನಾನು ಮೊದಲಿಗೆ ಹೇಳಿದ ಎರಡು ಹೆಜ್ಜೆಗೆ ಹಿಂತಿರುಗಬೇಕು. ಬಲಗೈ ಆಟಗಾರ ಚೆಂಡಿನ ನೇರ ಕೆಳಗೆ ಓಡಿ ನುಗ್ಗಿ ನೆಗೆದರೆ ಚೆಂಡು ಅವನ ತಲೆಯ ಮೇಲೆ, ಹಿಂದೆ ಉಳಿಯುತ್ತದೆ. ಅದನ್ನು ಎಟುಕಿಸಿಕೊಳ್ಳಲು ಬಲಭುಜ ಮೇಲೆತ್ತಿ ಮುಂಡವನ್ನು ಎಡಕ್ಕೆ ವಾಲಿಸುತ್ತಾನೆ. ವಾಲಿದ ಮೈ ವಾಲಿಕೊಂಡೇ ಇಳಿಯುತ್ತದೆ, ಮೊದಲು ನೆಲ ಮುಟ್ಟುವುದು ಎಡಗಾಲು. ಚೆಂಡಿಗಿಂತ ಒಂದು ಮೊಳ ಹಿಂದೆ, ಚೆಂಡು ಬಲಭುಜದ ಮುಂದಿರುವಂತೆ ಕಾಲು ಊರಿದವನು ನೇರವಾಗಿ ಏರಿ, ನೇರವಾಗಿ ಹೊಡೆದು, ಎರಡು ಕಾಲಲ್ಲಿ ಇಳಿಯುತ್ತಾನೆ. ನಮ್ಮ ಹುಡುಗನ ಕುಳಿಗಳು ನೆಟ್‌ಗೆ ತೀರಾ ಹತ್ತಿರದಲ್ಲಿದ್ದವು. ಅವನ ನೆಗೆತ ಎಷ್ಟು ಚೆಂದವೋ ಅವನು ಊರುವ ಜಾಗ ಅಷ್ಟೇ ತಪ್ಪು.

ಕಣಕಾಲು ಉಳುಕುವುದೂ ಹೆಚ್ಚಾಗಿ ಇಲ್ಲೇ. ನೆಟ್‌ಗೆ ಅಂಟಿಕೊಂಡಂತೆ ಲಿಫ್ಟ್ ಕೊಟ್ಟರೆ ಸ್ಮ್ಯಾಷರ್ ಗಾಳಿಯಲ್ಲೇ ತೇಲಿ ಮಧ್ಯಗೆರೆ ದಾಟುತ್ತಾನೆ. ಆಚೆಯಿಂದ ಬ್ಲಾಕ್ ಮಾಡಿದವನ ಪಾದದ ಮೇಲೆ ಇವನ ಪಾದ, ಅಥವಾ ಇವನದರ ಮೇಲೆ ಅವನದು. ನಿಯಮ ಪೂರಾ ದಾಟುವುದನ್ನಷ್ಟೇ ತಡೆಯುತ್ತದೆ, ಪಾದದ ಒಂದು ಅಂಚು ಗೆರೆಯ ಮೇಲಿದ್ದರೆ ಶಿಳ್ಳೆ ಬೀಳುವುದಿಲ್ಲ. ನಾರ್ವೆಯವರು 1990ರ ದಶಕದಲ್ಲಿ ಓಟದ ಕೊನೆಯ ಹೆಜ್ಜೆ ಮತ್ತು ಇಳಿತವನ್ನು ತಿದ್ದಿ, ಉಳುಕಿದವರಿಗೆ ಸಮತೋಲದ ಹಲಗೆಯ ಮೇಲೆ ನಿಲ್ಲುವ ಅಭ್ಯಾಸ ಕೊಟ್ಟು ನೋಡಿದರು. ಕಣಕಾಲು ಉಳುಕುವ ಪ್ರಕರಣ ಅರ್ಧಕ್ಕೆ ಇಳಿಯಿತು. ಹಣ ಸುರಿಯುವ ಕೆಲಸವಲ್ಲ ಇದು. ಹಲಗೆ, ಸುಣ್ಣದ ಗೆರೆ, ಕಲಿಸುವವರ ಕಣ್ಣು, ಇಷ್ಟಿದ್ದರೆ ಆಯಿತು.

ಹುಡುಗಿಯರಿಗೆ ಕಲಿಸುವವರು ಇನ್ನೊಂದನ್ನು ನೋಡಬೇಕು. ಇಳಿಯುವಾಗ ಎರಡು ಮಂಡಿ ಒಳಮುಖವಾಗಿ ಒಂದನ್ನೊಂದು ಮುಟ್ಟುವಂತೆ ಬರುತ್ತವೆಯೇ? ಬಂದರೆ ಮಂಡಿಯೊಳಗಿನ ಅಡ್ಡರಜ್ಜು ಹರಿಯುವ ಅಪಾಯವಿದೆ, ಈ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು. ಮಂಡಿ ಪಾದದ ನೇರಕ್ಕೆ ಇರುವಂತೆ ಇಳಿಯುವುದನ್ನು ಕಲಿಸಿದರೆ ಕಲಿಯುತ್ತಾರೆ.

ಎತ್ತರದಿಂದ ಧುಮುಕಿ ತಕ್ಷಣ ಮೇಲೆ ನೆಗೆಯುವ ಕಸರತ್ತಿನ ಬಗ್ಗೆಯೂ ಹೇಳಬೇಕು, ಏಕೆಂದರೆ ಈಗ ಶಾಲೆಯ ಜಗಲಿಯಿಂದ, ಕಾಂಪೌಂಡಿನಿಂದ ಹನ್ನೆರಡು ವರ್ಷದವರೂ ಧುಮುಕುತ್ತಿದ್ದಾರೆ. 1960ರ ದಶಕದಲ್ಲಿ ಇದನ್ನು ರೂಪಿಸಿದ ಸೋವಿಯತ್ ತರಬೇತುದಾರ ಯೂರಿ ವರ್ಖೊಶಾನ್‌ಸ್ಕಿ ಅದನ್ನು ಉದ್ದೇಶಿಸಿದ್ದು ವರ್ಷಗಟ್ಟಲೆ ಭಾರ ಎತ್ತಿ ಕಾಲು ಗಟ್ಟಿ ಮಾಡಿಕೊಂಡವರಿಗೆ, ಅದೂ ಲೆಕ್ಕಹಾಕಿ. ಎಳೆಯ ಮೂಳೆಗೆ ಅದು ಸಲ್ಲದು. ಆ ವಯಸ್ಸಿನಲ್ಲಿ ಮಂಡಿಯ ಕೆಳಗೆ ಗಂಟು ಎದ್ದು ನೋಯುವ ಮಕ್ಕಳನ್ನು ಗದರಿಸಿ ಓಡಿಸಬೇಡಿ. ರಜ್ಜು ಮೂಳೆಯನ್ನು ಕಚ್ಚುವ ಜಾಗದಲ್ಲಿ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ, ಎಳೆತ ಹೆಚ್ಚಾಯಿತು ಎಂದು ಅದು ಹೇಳುತ್ತಿದೆ.

ಫೈನಲ್ ಮುಗಿದ ಮೇಲೆ ಆ ಹುಡುಗನನ್ನು ಹುಡುಕಿ ಹೋದೆ. ಟ್ರೋಫಿ ಪಕ್ಕದಲ್ಲಿಟ್ಟುಕೊಂಡು ಮಂಡಿಗೆ ಐಸ್ ಹಿಡಿದು ಕೂತಿದ್ದ. ಎಷ್ಟು ದಿನದಿಂದ ನೋವು ಎಂದು ಕೇಳಿದೆ. "ಆರು ತಿಂಗಳಾಯ್ತು ಸರ್. ಒಂದು ಸೆಟ್ ಆಡಿದ್ರೆ ಬಿಸಿ ಆಗ್ತದೆ, ಆಮೇಲೆ ಗೊತ್ತಾಗುದಿಲ್ಲ" ಎಂದ. ನಾನು ಅವನ ವಯಸ್ಸಿನಲ್ಲಿ ಹೇಳುತ್ತಿದ್ದ ಮಾತೇ ಅದು. ಫಿಸಿಯೊಥೆರಪಿ ಮಾಡುವವರ ಬಳಿ ಹೋಗು ಎಂದೆ, ಚೆಂಡಿನಿಂದ ಒಂದು ಮೊಳ ಹಿಂದೆ ಕಾಲು ಊರು ಎಂದೂ ಹೇಳಿದೆ. ತಲೆಯಾಡಿಸಿದ. ಮರುವಾರ ಇನ್ನೊಂದು ಊರಿನಲ್ಲಿ ಪಂದ್ಯಾಟವಿತ್ತು, ಅವನು ಅಲ್ಲೂ ಆಡಿದನಂತೆ.

ಜೂನ್‌ನಲ್ಲಿ ಶಾಲೆ ತೆರೆಯುತ್ತದೆ. ದೈಹಿಕ ಶಿಕ್ಷಕರಲ್ಲಿ ನನ್ನ ಕೋರಿಕೆ ಇದು. ಅಭ್ಯಾಸದ ಮೊದಲ ಹತ್ತು ನಿಮಿಷ ಚೆಂಡು ಮುಟ್ಟಿಸಬೇಡಿ. ಎರಡೂ ಕಾಲಲ್ಲಿ, ಸದ್ದಾಗದಂತೆ, ತಗ್ಗುತ್ತಾ ಇಳಿಯುವುದನ್ನಷ್ಟೇ ಮಾಡಿಸಿ. ಲಿಫ್ಟರ್‌ಗೆ ಚೆಂಡನ್ನು ನೆಟ್‌ನಿಂದ ದೂರ ಇಡಲು ಹೇಳಿ. ಮಂಡಿ ಒತ್ತಿಕೊಂಡು ಕುಂಟಿದವನನ್ನು ಆ ಸೆಟ್‌ನಲ್ಲೇ ಹೊರಗೆ ಕೂರಿಸಿ, ಫೈನಲ್ ಆದರೂ ಸರಿ.